ಒಂದು ತೂತಿನ ಚರಿತ್ರೆ

ಪೆಟ್ರೋಲು ಇಂಜಿನ್ನಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಪಿಸ್ಟನ್ನು, ಸಿಲಿಂಡರು, ಅಶ್ವಶಕ್ತಿಗಳ ಕಥೆಯನ್ನೇ ಬರೆಯುತ್ತಾರೆ. ಪಾಲಿಟೆಕ್ನಿಕ್ಕಿನಲ್ಲಿ ಇಪ್ಪತ್ತೆಂಟು ವರ್ಷ ಆಟೋಮೊಬೈಲ್ ಪಾಠ ಹೇಳಿದ ನನಗೆ ಮಾತ್ರ ಅದು ಒಂದು ತೂತಿನ ಚರಿತ್ರೆಯಾಗಿಯೇ ಕಂಡಿದೆ. ಗಾಳಿಯನ್ನು ಇಂಜಿನ್ನು ತಾನಾಗಿಯೇ ಎಳೆದುಕೊಳ್ಳುತ್ತದೆ. ಆ ಗಾಳಿಗೆ ಎಷ್ಟು ಪೆಟ್ರೋಲು ಸೇರಬೇಕೆಂಬುದನ್ನು ಯಾರಾದರೂ ಅಳೆದು ಕೊಡಬೇಕು. ಒಂದು ಗ್ರಾಂ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲು ಹೆಚ್ಚಾದರೆ ಹೊಗೆ, ಮಸಿ, ದಂಡ ಖರ್ಚು. ಕಡಿಮೆಯಾದರೆ ಅದಕ್ಕಿಂತ ಕೆಟ್ಟದ್ದು. ಪೂರ್ತಿ ಭಾರದಲ್ಲಿ ಓಡುವ ಇಂಜಿನ್ನಿಗೆ ಪೆಟ್ರೋಲು ಸಾಲದೆ ಬಂದರೆ ಒಳಗಿನ ಶಾಖ ಏರಿ, ಬಡಿತ ಹುಟ್ಟಿ, ಪಿಸ್ಟನ್ನೇ ಕರಗುತ್ತದೆ.

1893ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಮೈಬಾಖ್ ತುಂತುರು ಕಾರ್ಬುರೇಟರನ್ನು ರೂಪಿಸಿದಾಗ ಈ ಅಳತೆಯ ಕೆಲಸ ಒಂದು ಸಣ್ಣ ತೂತಿನ ಪಾಲಿಗೆ ಬಂತು. ಅದೇ ಮುಂದೆ ನಮ್ಮ ಗ್ಯಾರೇಜುಗಳ 'ಜೆಟ್ಟು' ಆಯಿತು. 1961ರಿಂದ 1996ರವರೆಗೆ ಮೈಸೂರಿನಲ್ಲಿ ಜಾವಾ, ಯೆಜ್ಡಿ ಬೈಕುಗಳು ತಯಾರಾದವು. ಆ ಬೈಕುಗಳನ್ನು ಪಳಗಿಸಿದ ನಮ್ಮ ಮೇಸ್ತ್ರಿಗಳಿಗೆ ಜೆಟ್ಟಿನ ವಿದ್ಯೆ ಕರಗತವಾಗಿತ್ತು. ಪ್ಲಗ್ಗು ಬಿಚ್ಚಿ ಅದರ ಬಣ್ಣ ನೋಡುವರು. ಬಿಳಿಚಿಕೊಂಡಿದ್ದರೆ ಲೀನು, ಕಪ್ಪಾಗಿದ್ದರೆ ರಿಚ್ಚು, ಕಾಫಿ ಬಣ್ಣವಿದ್ದರೆ ಸರಿ. ಜೆಟ್ಟಿನ ಮೇಲಿನ ಅಂಕಿಗಳಲ್ಲೂ ಎರಡು ಸಂಪ್ರದಾಯಗಳಿದ್ದವು. ಕೆಲವು ತಯಾರಕರು ತೂತಿನ ಅಗಲವನ್ನು ಮಿಲಿಮೀಟರಿನ ನೂರನೇ ಭಾಗದಲ್ಲಿ ಕೆತ್ತುತ್ತಿದ್ದರು. ಇಂಗ್ಲೆಂಡಿನ ಅಮಾಲ್‌ನವರು ತೂತಿನ ಅಗಲ ಹೇಳದೆ, ಅದರಲ್ಲಿ ನಿಮಿಷಕ್ಕೆ ಎಷ್ಟು ಸಿ.ಸಿ. ಹರಿಯುತ್ತದೆ ಎಂಬುದನ್ನು ಕೆತ್ತುತ್ತಿದ್ದರು. ಈ ಎರಡನೆಯದೇ ಹೆಚ್ಚು ಪ್ರಾಮಾಣಿಕವಾದ ಭಾಷೆ ಎಂದು ನಾನು ಹುಡುಗರಿಗೆ ಹೇಳುತ್ತಿದ್ದೆ. ಇಂಜಿನ್ನು ಕುಡಿಯುವುದು ಪೆಟ್ರೋಲನ್ನೇ ಹೊರತು ತೂತನ್ನಲ್ಲ.

ತೂತಿನ ಅಳತೆಗೆ ಮನುಷ್ಯರ ಜೀವವೇ ನೇತುಬಿದ್ದ ಕಾಲವೊಂದಿತ್ತು. 1940ರಲ್ಲಿ ಬ್ರಿಟನ್ನಿನ ಆಕಾಶದಲ್ಲಿ ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳು ಜರ್ಮನಿಯ ಮೆಸ್ಸರ್‌ಶ್ಮಿಟ್‌ಗಳ ಎದುರು ಹೋರಾಡುತ್ತಿದ್ದವು. ಜರ್ಮನರ ಡೈಮ್ಲರ್-ಬೆಂಝ್ ಇಂಜಿನ್ನಿಗೆ ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಚುಚ್ಚುವ ಪಂಪಿತ್ತು. ಇಂಗ್ಲಿಷರ ಮರ್ಲಿನ್ ಇಂಜಿನ್ನಿಗಿದ್ದದ್ದು ಕಾರ್ಬುರೇಟರು. ಪೈಲಟ್ಟು ಮೂತಿಯನ್ನು ತಟ್ಟನೆ ಕೆಳಗೆ ಬಗ್ಗಿಸಿದರೆ ಪೆಟ್ರೋಲು ಕಾರ್ಬುರೇಟರಿನ ಮೇಲ್ಭಾಗಕ್ಕೆ ಎಗರಿ, ಇಂಜಿನ್ನು ಮೊದಲು ಬಾಯಾರಿ ಬಿಕ್ಕುತ್ತಿತ್ತು. ಮರುಕ್ಷಣದಲ್ಲೇ ಪಂಪು ತಳ್ಳಿದ ಪೆಟ್ರೋಲು ಉಕ್ಕಿ ಬಂದು ಉಸಿರುಗಟ್ಟಿಸುತ್ತಿತ್ತು. ಹಿಂದೆ ಬೆನ್ನಟ್ಟಿದ ಶತ್ರುವಿಗೆ ಅಷ್ಟು ಹೊತ್ತು ಸಾಕಾಗಿತ್ತು.

ಇದಕ್ಕೆ ಮದ್ದು ಕಂಡುಹಿಡಿದವಳು ಬೀಟ್ರಿಸ್ ಶಿಲ್ಲಿಂಗ್ ಎಂಬ ಇಂಜಿನಿಯರು. ಫಾರ್ನ್‌ಬರೋದ ವಿಮಾನ ಸಂಶೋಧನಾಲಯದಲ್ಲಿ ಅವಳ ಕೆಲಸ. 1934ರಲ್ಲಿ ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ ನಾರ್ಟನ್ ಬೈಕನ್ನು ಗಂಟೆಗೆ ನೂರು ಮೈಲಿಗೂ ಮೀರಿ ಓಡಿಸಿ ಚಿನ್ನದ ನಕ್ಷತ್ರ ಗಳಿಸಿದ್ದ ಧೀರೆ. ಅವಳು ಹೊಸ ಯಂತ್ರವನ್ನೇನೂ ಕಟ್ಟಲಿಲ್ಲ. ಪೆಟ್ರೋಲು ಬರುವ ದಾರಿಯಲ್ಲಿ ಹಿತ್ತಾಳೆಯ ಒಂದು ಚಿಕ್ಕ ತುಂಡು ಕೂರಿಸಿದಳು, ಅದರ ನಡುವೆ ಒಂದು ತೂತು. ಇಂಜಿನ್ನು ಪೂರ್ತಿ ಶಕ್ತಿಯಲ್ಲಿ ಎಷ್ಟು ಕುಡಿಯಬಲ್ಲುದೋ ಅಷ್ಟನ್ನು ಮಾತ್ರ ಆ ತೂತು ಬಿಡುತ್ತಿತ್ತು. 1941ರಲ್ಲಿ ಒಂದು ಪುಟ್ಟ ತಂಡದೊಂದಿಗೆ ವಿಮಾನನೆಲೆಗಳನ್ನು ಸುತ್ತಿ ಅದನ್ನು ಜೋಡಿಸಿಕೊಟ್ಟಳು. ತಲೆಕೆಳಗಾಗಿ ಬಹಳ ಹೊತ್ತು ಹಾರುವುದು ಆಗಲೂ ಸಾಧ್ಯವಿರಲಿಲ್ಲ. ಆದರೆ ಉಸಿರುಗಟ್ಟುವುದು ನಿಂತಿತು. ಗರಿಷ್ಠ ಬೇಡಿಕೆಯನ್ನು ಲೆಕ್ಕ ಹಾಕಿ ಅದಕ್ಕೆ ತಕ್ಕ ತೂತು ಕೊರೆಯುವುದು, ಇಂದು ಇಂಜೆಕ್ಟರು ಆರಿಸುವವನು ಮಾಡಬೇಕಾದದ್ದೂ ಇಷ್ಟೇ.

ಯುದ್ಧದ ನಂತರ ಚುಚ್ಚುವ ವಿದ್ಯೆ ರಸ್ತೆಗಿಳಿಯಿತು. 1954ರ ಮರ್ಸಿಡಿಸ್ 300 ಎಸ್.ಎಲ್. ಕಾರಿನಲ್ಲಿ ಬಾಷ್ ಪಂಪು ಪೆಟ್ರೋಲನ್ನು ನೇರ ಸಿಲಿಂಡರಿಗೆ ಕೊಡುತ್ತಿತ್ತು. ವಿದ್ಯುತ್ತಿನಿಂದ ತೆರೆದು ಮುಚ್ಚುವ ಇಂಜೆಕ್ಟರನ್ನು ಅಮೆರಿಕದ ಬೆಂಡಿಕ್ಸ್ ಕಂಪನಿ 1950ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ತಂದಿತಾದರೂ ಅದನ್ನು ಆಳಬಲ್ಲ ಎಲೆಕ್ಟ್ರಾನಿಕ್ಸ್ ಇನ್ನೂ ಹಸಿಯಾಗಿತ್ತು. ಕೆಲವೇ ಡಜನ್ ಕಾರುಗಳಿಗೆ ಅದರ ಬಾಳು ಮುಗಿಯಿತು. ಅದೇ ತತ್ವವನ್ನು ಬಾಷ್ ಮಾಗಿಸಿ 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿಗೆ ಅಳವಡಿಸಿತು. ತೂತು ಈಗ ಕ್ಷಣಕ್ಷಣಕ್ಕೂ ಕಣ್ಣು ಮಿಟುಕಿಸತೊಡಗಿತು.

ನಮ್ಮಲ್ಲಿ 1999ರಲ್ಲಿ ಸುಪ್ರೀಂ ಕೋರ್ಟು ದೆಹಲಿ ಪ್ರದೇಶದ ಕಾರುಗಳ ಹೊಗೆಗೆ ಗಡುವು ಹಾಕಿದ ಮೇಲೆ ಕಾರ್ಬುರೇಟರಿನ ಕಾಲ ಬೇಗಬೇಗನೆ ಮುಗಿಯಿತು. ಜೆಟ್ಟು ಬಲ್ಲ ಮೇಸ್ತ್ರಿಗಳು ಒಂದೇ ದಶಕದಲ್ಲಿ ಅನಕ್ಷರಸ್ಥರಂತಾದರು. ಆದರೆ ಡೀಸೆಲ್ ಕಡೆಯವರಿಗೆ ಈ ಭಾಷೆ ಹೊಸದಾಗಿರಲಿಲ್ಲ. ಬೆಂಗಳೂರಿನ ಆಡುಗೋಡಿಯಲ್ಲಿ 1950ರ ದಶಕದಿಂದಲೇ ಮೈಕೋ ಕಾರ್ಖಾನೆ ಡೀಸೆಲ್ ಪಂಪು, ನಾಜಲ್ಲುಗಳನ್ನು ಮಾಡುತ್ತಿತ್ತು. 2008ರಲ್ಲಿ ಅದರ ಹೆಸರು ಬಾಷ್ ಎಂದಾದರೂ ಲಾರಿಯವರ ಬಾಯಲ್ಲಿ ಅದು ಮೈಕೋವೇ. ಲಾರಿ ನಿಲ್ಲುವ ಊರುಗಳಲ್ಲೆಲ್ಲ ಪಂಪು ರಿಪೇರಿ ಅಂಗಡಿಗಳಿದ್ದವು. ಅಲ್ಲಿ ಗಾಜಿನ ಅಳತೆ ಕೊಳವೆಗಳು ಸಾಲಾಗಿ ನಿಂತು, ಪ್ರತಿ ಸಿಲಿಂಡರಿಗೂ ಎಷ್ಟು ಸಿ.ಸಿ. ಬಂತೆಂದು ಸಾಕ್ಷಿ ಹೇಳುತ್ತಿದ್ದವು.

ಹಾಸನದಲ್ಲಿ ಚಿಕ್ಕ ಗ್ಯಾರೇಜು ಇಟ್ಟಿರುವ ನನ್ನ ಅಕ್ಕನ ಮಗನನ್ನು ಕೆಲವು ವರ್ಷಗಳ ಕೆಳಗೆ ಕಾಪಾಡಿದ್ದು ಅಂಥದೊಂದು ಅಂಗಡಿ. ಗಿರಾಕಿಯೊಬ್ಬರ 1300 ಸಿ.ಸಿ. ಕಾರಿಗೆ ಅವನು ಟರ್ಬೊ ಹಾಕಿ 150 ಅಶ್ವಶಕ್ತಿ ಕೊಡುತ್ತೇನೆಂದು ಒಪ್ಪಿಕೊಂಡಿದ್ದ. ಇಂಜೆಕ್ಟರು ಮಾತ್ರ ಹಳೆಯದೇ. ನೆಲಮಂಗಲ ದಾಟಿದ ಮೇಲೆ ಗಿರಾಕಿ ಆಕ್ಸಿಲರೇಟರ್ ಒತ್ತಿದ್ದಾರೆ, ನಾಲ್ಕನೇ ಪಿಸ್ಟನ್ನು ತೂತು ಬಿದ್ದಿದೆ. ಇಂಜಿನ್ನು ಕಟ್ಟಿಸಿಕೊಡಬೇಕಾದ ಸಾಲ ಹುಡುಗನ ತಲೆಯ ಮೇಲೆ. ಇನ್ನೊಂದು ಸಲ ಹೀಗಾದರೆ ಗ್ಯಾರೇಜಿನ ಬಾಗಿಲು ಮುಚ್ಚಬೇಕಿತ್ತು.

"ಮಾವ, ಈ ಸಲ ಸಿಕ್ಕಿದ್ದರಲ್ಲಿ ದೊಡ್ಡದೇ ಹಾಕಿಬಿಡ್ತೀನಿ, ಕಂಪ್ಯೂಟರು ನೋಡ್ಕೊಳ್ಳುತ್ತೆ" ಎಂದ.

"ಮೊದಲು ಹಳೆಯದು ಎಷ್ಟು ಕೊಡುತ್ತೆ ಅಂತ ಅಳೆಯೋಣ ಬಾರೋ" ಎಂದು ಪಂಪಿನ ಅಂಗಡಿಗೆ ಕರೆದುಕೊಂಡು ಹೋದೆ.

ಮೂರು ಬಾರ್ ಒತ್ತಡದಲ್ಲಿ ಒಂದು ನಿಮಿಷ ತೆರೆದಿಟ್ಟಾಗ ಮೂರು ಇಂಜೆಕ್ಟರುಗಳು 160 ಸಿ.ಸಿ. ಆಸುಪಾಸು ಕೊಟ್ಟವು. ನಾಲ್ಕನೆಯದು ಹನ್ನೆರಡು ಸಿ.ಸಿ. ಕಡಿಮೆ. ಪಿಸ್ಟನ್ನು ಸುಟ್ಟದ್ದೂ ಅದೇ ಸಿಲಿಂಡರಿನಲ್ಲಿ. ಹುಡುಗ ಮಾತಾಡಲಿಲ್ಲ.

ಲೆಕ್ಕ ಸರಳವಾಗಿದೆ. ಟರ್ಬೊ ಇರುವ ಪೆಟ್ರೋಲು ಇಂಜಿನ್ನು ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 270 ಗ್ರಾಂ ಕುಡಿಯುತ್ತದೆ. ಟರ್ಬೊ ಇಲ್ಲದ್ದು 225ರ ಸುತ್ತಮುತ್ತ. 150 ಅಶ್ವಶಕ್ತಿಗೆ 40.5 ಕೆ.ಜಿ. ಬೇಕು. ಹಳೆಯ ಇಂಜೆಕ್ಟರುಗಳು ಕಣ್ಣೇ ಮುಚ್ಚದೆ ತೆರೆದಿದ್ದರೂ ನಾಲ್ಕೂ ಸೇರಿ 28 ಕೆ.ಜಿ. ಮೀರುತ್ತಿರಲಿಲ್ಲ. ಅಂದರೆ ಸುಮಾರು 105 ಅಶ್ವಶಕ್ತಿಗೇ ಊಟ ಮುಗಿಯುತ್ತಿತ್ತು. ಮಿಕ್ಕದ್ದು ಬರೀ ಗಾಳಿ.

ಇಂಜೆಕ್ಟರನ್ನು ಸದಾ ತೆರೆದೇ ಇಡುವಂತಿಲ್ಲ. ನಿಮಿಷಕ್ಕೆ 6000 ಸುತ್ತಿನಲ್ಲಿ ಒಂದು ಆವರ್ತಕ್ಕೆ ಸಿಗುವುದು ಸೆಕೆಂಡಿನ ಸಾವಿರದಲ್ಲಿ ಇಪ್ಪತ್ತು ಭಾಗ. ಅದರಲ್ಲಿ ನೂರಕ್ಕೆ ಎಂಬತ್ತರಷ್ಟು ಹೊತ್ತು ತೆರೆದರೆ ಕ್ಷೇಮ. ಹಾಗಾಗಿ 40.5ನ್ನು ನಾಲ್ಕರಿಂದ ಭಾಗಿಸಿ, ಮತ್ತೆ 0.8ರಿಂದ ಭಾಗಿಸಿದರೆ ಪ್ರತಿ ಇಂಜೆಕ್ಟರಿಗೆ ಗಂಟೆಗೆ 12.7 ಕೆ.ಜಿ. ನಿಮಿಷಕ್ಕೆ ಸುಮಾರು 285 ಸಿ.ಸಿ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಉದ್ಘಾಟನೆಗೊಂಡ ಶೇಕಡಾ ಇಪ್ಪತ್ತು ಎಥನಾಲಿನ ಪೆಟ್ರೋಲಿಗೆ ಇನ್ನೂ ಏಳೆಂಟು ಭಾಗ ಹೆಚ್ಚು ಬೇಕು. 330ರದ್ದು ಸಾಕೆಂದು ತೀರ್ಮಾನಿಸಿದೆವು. ಒತ್ತಡ ಹೆಚ್ಚಿಸಿ ಹಳೆಯದರಲ್ಲೇ ನಿಭಾಯಿಸೋಣವೆಂದರೆ ಅದೂ ಆಗದು. ಒತ್ತಡ ಮೂರರಿಂದ ನಾಲ್ಕು ಬಾರ್ ಆದರೆ ಹರಿವು ವರ್ಗಮೂಲದ ಲೆಕ್ಕದಲ್ಲಿ ಶೇಕಡಾ ಹದಿನೈದು ಮಾತ್ರ ಏರುತ್ತದೆ.

"ಹಾಗಾದರೆ 800ರದ್ದು ಹಾಕಿದರೆ ಇನ್ನೂ ಕ್ಷೇಮ ಅಲ್ವಾ ಮಾವ?"

ಅಲ್ಲ. ನಿಂತಲ್ಲೇ ಮೆಲ್ಲಗೆ ಓಡುವಾಗ ಅಷ್ಟು ದೊಡ್ಡ ಇಂಜೆಕ್ಟರು ತೆರೆಯುವುದು ರೆಪ್ಪೆ ಬಡಿಯುವುದಕ್ಕಿಂತಲೂ ಕಡಿಮೆ ಹೊತ್ತು. ತೆರೆಯಲು ತಗಲುವ ಸಮಯವೇ ಸಾವಿರದಲ್ಲೊಂದು ಸೆಕೆಂಡಿನಷ್ಟಿರುವಾಗ ಅಳತೆ ಎಲ್ಲಿ ನಿಲ್ಲುತ್ತದೆ? ಕೊಡದಿಂದ ಒಳಲೆಗೆ ಹಾಲು ಸುರಿದಂತೆ, ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ.

ಕಾರು ಈಗ ಓಡುತ್ತಿದೆ. ಹುಡುಗ ತನ್ನ ಗ್ಯಾರೇಜಿನಲ್ಲೊಂದು ರಿಜಿಸ್ಟರು ಇಟ್ಟಿದ್ದಾನೆ. ಯಾವ ಇಂಜೆಕ್ಟರನ್ನೂ ಅಳೆದು ಬರೆಯದೆ ಕೂರಿಸುವುದಿಲ್ಲ. ಶಿಲ್ಲಿಂಗ್ ಎಂಬ ಹೆಸರು ಅವನಿಗೆ ನಾನು ಹೇಳಿದ ಮೇಲಷ್ಟೇ ಗೊತ್ತಾದದ್ದು. "ಆಕೆ ತೂತು ಚಿಕ್ಕದು ಮಾಡಿದಳು, ನಾವು ದೊಡ್ಡದು ಮಾಡಿದೆವು, ಎರಡೂ ಒಂದೇ ಹೇಗೆ ಮಾವ?" ಎಂದು ಕೇಳಿದ. ಇಬ್ಬರೂ ಮೊದಲು ಕೇಳಿಕೊಂಡದ್ದು ಇಂಜಿನ್ನಿಗೆ ಎಷ್ಟು ಬೇಕು ಎಂದು. ಅದಾದ ಮೇಲೆ ತೂತು ಚಿಕ್ಕದೋ ದೊಡ್ಡದೋ ಎಂಬುದನ್ನು ಲೆಕ್ಕವೇ ಹೇಳುತ್ತದೆ ಎಂದೆ.