ಹದ: ಹೊಲದಿಂದ ಎದೆಯವರೆಗೆ

ರೋಣ, ನರಗುಂದದ ಎರೆಹೊಲಗಳಲ್ಲಿ ಹಸ್ತ, ಚಿತ್ತಿ ಮಳೆ ಬಂದು ಹೊಳವಾದ ಮೇಲೆ ರೈತ ಮಾಡುವ ಮೊದಲ ಕೆಲಸ ಒಂದು ಹಿಡಿ ಮಣ್ಣು ಎತ್ತಿ ಮುಷ್ಟಿಯಲ್ಲಿ ಒತ್ತಿ ನೋಡುವುದು. ಬೆರಳಿಗೆ ಅಂಟಿದರೆ ‘ಇನ್ನಾ ಹಸಿ ಭಾಳ ಐತಿ’. ಉಂಡೆಯಾಗಿ ನಿಂತು, ಹೆಬ್ಬೆರಳು ತಾಗಿಸಿದೊಡನೆ ಉದುರಿದರೆ ‘ಹದಕ್ಕ ಬಂತು’. ಅವಸರ ಮಾಡಿ ಇಳಿದರೆ ಕುಂಟಿಗೆ ಮಣ್ಣು ಮೆತ್ತಿಕೊಂಡು ಎತ್ತು ಸೋಲುತ್ತವೆ. ತಡಮಾಡಿದರೆ ನೆಲ ಬಿರಿದು ಹೆಂಟೆಗಟ್ಟುತ್ತದೆ. ಈ ಎರಡರ ನಡುವೆ ಕೆಲವೇ ದಿನ. ಬಿಳಿಜೋಳ, ಕಡಲೆ, ಕುಸುಬಿಯ ವರ್ಷದ ಭವಿಷ್ಯ ಆ ಕೆಲವು ದಿನಗಳ ಮೇಲೆ ನಿಂತಿರುತ್ತದೆ.

‘ಹದ’ ಅಚ್ಚ ದ್ರಾವಿಡ ಪದ. ಹಳಗನ್ನಡದಲ್ಲಿ ಅದು ‘ಪದ’, ‘ಪದನ್’. ಪಾಲು ಹಾಲಾದಂತೆ, ಪುಲಿಗೆರೆ ಹುಲಿಗೆರೆಯಾದಂತೆ ಪದ ಹದವಾಯಿತು. ಹೆಜ್ಜೆ, ಶಬ್ದ ಎಂಬ ಅರ್ಥದ ಸಂಸ್ಕೃತ ‘ಪದ’ಕ್ಕೂ ಇದಕ್ಕೂ ಸಂಬಂಧವಿಲ್ಲ. ತಮಿಳಿನಲ್ಲಿ ‘ಪದಂ’ ಎಂದರೆ ಪಾಕದ ಹದ. ತೆಲುಗಿನ ‘ಪದನು’ ಉಳುಮೆಗೆ ತಕ್ಕ ತೇವಕ್ಕೂ, ಕಬ್ಬಿಣಕ್ಕೆ ಹಾಕುವ ಸಾಣೆಗೂ ಸಲ್ಲುತ್ತದೆ.

9ನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲಿ ಈ ಪದ ಬಹಳ ಎತ್ತರದ ಜಾಗದಲ್ಲಿ ಕೂತಿದೆ. ಈ ನಾಡಿನ ಜನ ‘ಪದನ್’ ಅರಿತು ಮಾತಾಡಬಲ್ಲವರು, ಆಡಿದ್ದನ್ನು ತೂಗಿ ನೋಡಬಲ್ಲವರು ಎನ್ನುತ್ತದೆ ಆ ಗ್ರಂಥ. ಅಲ್ಲಿ ಪದನ್ ಎಂದರೆ ಮಾತಿನ ಹದ, ಔಚಿತ್ಯ. ಕನ್ನಡದ ತಿರುಳು ಎಂದು ಅದೇ ಗ್ರಂಥ ಗುರುತಿಸಿದ್ದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಈ ನಾಲ್ಕು ಊರುಗಳ ನಡುವಣ ನಾಡನ್ನು. ಅಂದರೆ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದ. ನಕಾಶೆ ಬಿಡಿಸಿ ನೋಡಿ, ರೋಣ, ಗಜೇಂದ್ರಗಡ, ನರಗುಂದ ಇದೇ ತಿರುಳು ಸೀಮೆಯ ಊರುಗಳು. ಮಾತಿನ ಹದಕ್ಕೆ ಹೊಗಳಿಸಿಕೊಂಡ ಆ ಸೀಮೆಯಲ್ಲೇ ಮಣ್ಣಿನ ಹದದ ಮಾತು ದಿನವೂ ನಡೆಯುತ್ತದೆ. ರೊಟ್ಟಿಯ ಹಿಟ್ಟಿಗೆ ಹದ, ಗಜೇಂದ್ರಗಡದ ನೇಕಾರರ ನೂಲಿನ ಗಂಜಿಗೆ ಹದ, ತೊಗಲಿಗೆ ಹದ. ಪತ್ರಿಕೆಯಲ್ಲಿ ರಸ್ತೆ ‘ಹದಗೆಡುತ್ತದೆ’, ಆಸ್ಪತ್ರೆಯಲ್ಲಿ ಆರೋಗ್ಯ ‘ಹದಗೆಡುತ್ತದೆ’.

ಹದದ ಮಾತಾಡುವ ಈ ಸೀಮೆಯ ಸುತ್ತಮುತ್ತ ಕ್ರೈಸ್ತ ಧರ್ಮ ಸಾರಲು ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಅದೇ 1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ವಿಕರ್ನ್ ಎಂಬ ಪಾದ್ರಿ ಬಡಮಕ್ಕಳಿಗಾಗಿ ಮರದ ಚಕ್ರದ ಮೇಲೆ ಮೇಣದ ಬತ್ತಿ ಹಚ್ಚಿ ಕ್ರಿಸ್‌ಮಸ್‌ವರೆಗಿನ ದಿನ ಎಣಿಸಲು ಕಲಿಸಿದ. ಇಂದು ನಮ್ಮ ಚರ್ಚುಗಳಲ್ಲಿ ಹಚ್ಚುವ ನಾಲ್ಕು ಬತ್ತಿಗಳ ಮೂಲ ಅದು. ಕ್ರಿಸ್‌ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳಿಗೆ ಕನ್ನಡದಲ್ಲಿ ‘ಆಗಮನ ಕಾಲ’ ಎಂದು ಹೆಸರು. ಆ ದಿನಗಳ ಪ್ರಸಂಗದಲ್ಲಿ, ಪ್ರಾರ್ಥನೆಯಲ್ಲಿ ಮತ್ತೆ ಮತ್ತೆ ಕೇಳುವ ಮಾತು ‘ಹೃದಯವನ್ನು ಸಿದ್ಧಪಡಿಸು’.

‘ಸಿದ್ಧ’ ಒಳ್ಳೆಯ ಪದವೇ. ಆದರೆ ಅದರಲ್ಲಿ ಕೆಲಸ ಮುಗಿದ ಭಾವವಿದೆ. ಅಡುಗೆ ಸಿದ್ಧ, ಮನೆ ಸಿದ್ಧ ಎಂದರೆ ಇನ್ನು ಮಾಡುವುದೇನೂ ಉಳಿದಿಲ್ಲ. ನೆಲ ಹದಕ್ಕೆ ಬಂದಾಗ ಏನೂ ಮುಗಿದಿರುವುದಿಲ್ಲ, ಬೀಜ ಇನ್ನೂ ಬೀಳಬೇಕು. ಬರುವುದನ್ನು ಒಳಗೆ ಬಿಟ್ಟುಕೊಳ್ಳುವ ಸ್ಥಿತಿಯೇ ಹದ. ಕ್ರಿಸ್‌ಮಸ್‌ಗೆ ಎದೆ ತೆರೆಯಬೇಕಾದದ್ದು ಹೀಗೆಯೇ ಎಂದು ನನ್ನ ಗಟ್ಟಿ ನಂಬಿಕೆ. ಹೊಸ ಬಟ್ಟೆ, ಸುಣ್ಣ ಬಳಿದ ಗೋಡೆ, ಬಾಗಿಲಿಗೆ ತೂಗುಹಾಕಿದ ನಕ್ಷತ್ರ ಇವೆಲ್ಲ ಸಿದ್ಧತೆ, ಇರಲಿ. ಹದ ಬೇರೆ.

ಬೈಬಲ್ಲೂ ಒಕ್ಕಲುತನದ ಮಾತನ್ನೇ ಆಡುತ್ತದೆ. ಬೀಳುಬಿದ್ದ ನೆಲವನ್ನು ಉಳಬೇಕು, ಮುಳ್ಳಿನಲ್ಲಿ ಬಿತ್ತಬಾರದು ಎಂದು ಯೆರೆಮೀಯ ಪ್ರವಾದಿ ಹೇಳುತ್ತಾನೆ, ಹೋಶೇಯನೂ ಬೀಳುನೆಲ ಉಳುವ ಮಾತನ್ನೇ ಎತ್ತುತ್ತಾನೆ. ಯೇಸು ಹೇಳಿದ ಬಿತ್ತುವವನ ಸಾಮ್ಯದಲ್ಲಿ ಬೀಜ ಒಂದೇ, ಬಿದ್ದ ನೆಲಗಳು ನಾಲ್ಕು: ದಾರಿಯ ಮಗ್ಗುಲು, ಬಂಡೆ, ಮುಳ್ಳು, ಒಳ್ಳೆಯ ನೆಲ. ಎರೆಹೊಲದಲ್ಲಿ ಕರಿಕಿ ಬೇರು ಆಳಕ್ಕೆ ಇಳಿದಿರುತ್ತದೆ. ಮೇಲೆ ಹರಗಿದರೆ ಸಾಲದು, ಅಗೆದು ಆರಿಸಬೇಕು. ಅಣ್ಣತಮ್ಮಂದಿರ ನಡುವಿನ ಬದುವಿನ ಜಗಳ, ವರ್ಷಗಟ್ಟಲೆ ಮುರಿದ ಮಾತು ಎದೆಯಲ್ಲಿ ಬೇರಿಳಿಸುವುದೂ ಅಷ್ಟೇ ಆಳಕ್ಕೆ. ಆಗಮನ ಕಾಲದ ಪಶ್ಚಾತ್ತಾಪದ ಕೆಲಸ ಆ ಅಗೆತ. ಸ್ನಾನಿಕ ಯೋಹಾನನ ಬಳಿ ಜನ ಬಂದು ನಾವೇನು ಮಾಡಬೇಕು ಎಂದು ಕೇಳಿದಾಗ ಅವನ ಉತ್ತರ ನೇರವಾಗಿತ್ತು: ಎರಡು ಅಂಗಿ ಇದ್ದವನು ಒಂದನ್ನು ಇಲ್ಲದವನಿಗೆ ಕೊಡಲಿ, ಸುಂಕದವನು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡದಿರಲಿ, ಸಿಪಾಯಿ ಯಾರನ್ನೂ ಹೆದರಿಸಿ ಹಣ ಕೀಳದಿರಲಿ. ಲೂಕನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಇದೆಲ್ಲ ಇದೆ.

ಇನ್ನೊಂದು ಮಾತು ಈ ಪದದೊಳಗೆ ಅಡಗಿದೆ. ರೈತ ಹರಗಬಲ್ಲ, ಕರಿಕಿ ಕೀಳಬಲ್ಲ, ಬದು ಕಟ್ಟಬಲ್ಲ. ಮಳೆಯನ್ನು ಕರೆಸಲಾರ. ಅವನ ದುಡಿಮೆಗೆ ಮೇಲಿನಿಂದ ಹನಿ ಕೂಡಿದಾಗ ಮಾತ್ರ ನೆಲ ಹದಕ್ಕೆ ಬರುತ್ತದೆ. ಕ್ರೈಸ್ತರು ಕೃಪೆ ಎನ್ನುವುದು ಇದನ್ನೇ. ಮನುಷ್ಯನ ಪ್ರಯತ್ನ ಎಲ್ಲಿಗೆ ಮುಗಿದು ದೇವರ ಕೃಪೆ ಎಲ್ಲಿಂದ ಶುರುವಾಗುತ್ತದೆ ಎಂದು ಪಂಡಿತರು ಶತಮಾನಗಳಿಂದ ವಾದಿಸುತ್ತ ಬಂದಿದ್ದಾರೆ. ‘ಹದ’ ಎರಡನ್ನೂ ಒಟ್ಟಿಗೇ ಹಿಡಿದುಕೊಂಡಿದೆ.

ಕನ್ನಡ ಛಂದಸ್ಸಿನಲ್ಲಿ ಕ್ರಿಸ್ತನ ಕಥೆಯನ್ನು ‘ಕಥಾಮಾಲೆ’ಯಾಗಿ 1862ರಲ್ಲಿ ಕೊಟ್ಟವರು ಅದೇ ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್. 1894ರಲ್ಲಿ ನಮ್ಮ ಮಾತುಗಳನ್ನೆಲ್ಲ ನಿಘಂಟಿನಲ್ಲಿ ಕೂಡಿಟ್ಟವರೂ ಅವರೇ. ನೆಲದ ಮಾತಿನಲ್ಲಿ ನಂಬಿಕೆಯನ್ನು ಹೇಳಬಹುದು ಎಂಬುದಕ್ಕೆ ಬೇರೆ ಮೇಲ್ಪಂಕ್ತಿ ಬೇಕಿಲ್ಲ. ಈ ಸಲದ ಆಗಮನ ಕಾಲಕ್ಕೆ ಪ್ರಾರ್ಥನೆ ಬರೆಯುವ ಸಭಾಪಾಲಕರಲ್ಲಿ, ಗುರುಗಳಲ್ಲಿ ನನ್ನದೊಂದು ವಿನಂತಿ: ‘ಸಿದ್ಧಪಡಿಸು’ ಎಂದು ಬರೆಯುವ ಕಡೆ ಒಮ್ಮೆಯಾದರೂ ‘ನಮ್ಮ ಎದೆಯನ್ನು ಹದ ಮಾಡು’ ಎಂದು ಬರೆಯಿರಿ. ರೋಣ, ನರಗುಂದ, ಗಜೇಂದ್ರಗಡದ ಸಭೆಯಲ್ಲಿ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗುವುದಿಲ್ಲ.