ವ್ಯಂಗ್ಯಚಿತ್ರದ ಮೌನವೂ ದೂರದರ್ಶನದ ಮಾತೂ

ಮೈಸೂರಿನಲ್ಲಿ 1921ರಲ್ಲಿ ಜನಿಸಿದ ಆರ್. ಕೆ. ಲಕ್ಷ್ಮಣರು 1951ರಿಂದ ‘ಟೈಮ್ಸ್ ಆಫ್ ಇಂಡಿಯಾ’ ಪತ್ರಿಕೆಯಲ್ಲಿ ಚಿತ್ರಿಸಿದ ‘ಶ್ರೀಸಾಮಾನ್ಯ’ನು ಮಾತನಾಡದ ಪಾತ್ರವೆಂಬುದು ಸುವಿದಿತವಾಗಿದೆ. ಚೌಕಳಿ ಕೋಟನ್ನೂ ಪಂಚೆಯನ್ನೂ ತೊಟ್ಟ ಆತನು ಅಧಿಕಾರಸ್ಥರ ಡಂಭವನ್ನು ಸುಮ್ಮನೆ ನೋಡುತ್ತಿದ್ದನು, ತೀರ್ಪು ವಾಚಕರದಾಗಿತ್ತು.

ದೂರದರ್ಶನವು ಲಕ್ಷ್ಮಣರ ಕಲೆಯನ್ನು ಎರಡು ಬಗೆಯಾಗಿ ಬಳಸಿಕೊಂಡಿತು. 1980ರ ದಶಕದಲ್ಲಿ ಶಂಕರನಾಗರು ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಮಾಲಿಕೆಯಲ್ಲಿ, ಅಗ್ರಜರಾದ ಆರ್. ಕೆ. ನಾರಾಯಣರ ಕಥೆಗಳಿಗೆ ಇವರ ರೇಖಾಚಿತ್ರಗಳು ನಾಂದಿಯಾದುವು. 1988ರ ‘ವಾಗ್ಲೆ ಕೀ ದುನಿಯಾ’ದಲ್ಲಾದರೋ ಇವರು ಕಲ್ಪಿಸಿದ ಮಧ್ಯಮವರ್ಗದ ಗುಮಾಸ್ತನು ಅಂಜನ್ ಶ್ರೀವಾಸ್ತವರ ದೇಹವನ್ನೂ ಕಂಠವನ್ನೂ ಪಡೆದನು.

ವಾಗ್ಲೆಯು ತನ್ನ ಸಂಕಟವನ್ನು ತಾನೇ ನುಡಿದು ಪ್ರೇಕ್ಷಕರ ಅನುಕಂಪವನ್ನು ಗಳಿಸಿದನು. ಆದರೆ ಅಧಿಕಾರವನ್ನು ನಾಚಿಸುವ ಸಾಕ್ಷಿಯ ಮೌನವು ಪತ್ರಿಕೆಯ ಪುಟದಲ್ಲಿಯೇ ಉಳಿಯಿತು.