ಮನಗೂಳಿಯ ಬಸವ ಮತ್ತು ಫ್ಲೀಟರ ಸಂದೇಹ: ಒಂದು ಪುನರ್ವಿಚಾರ

ಬಸವಣ್ಣನವರು ಐತಿಹಾಸಿಕ ವ್ಯಕ್ತಿಯೇ ಎಂಬ ಪ್ರಶ್ನೆಯನ್ನು ಹನ್ನೆರಡನೆಯ ಶತಮಾನದ ಶರಣರಾಗಲಿ, ಅವರ ವೈರಿಗಳಾಗಲಿ, ಮುಂದಿನ ಆರು ಶತಮಾನಗಳ ಪುರಾಣಕಾರರಾಗಲಿ ಕೇಳಿದವರಲ್ಲ. ಆ ಪ್ರಶ್ನೆ ಹುಟ್ಟಿದ್ದು 1890ರ ದಶಕದಲ್ಲಿ, ಮುಂಬಯಿ ಪ್ರಾಂತದ ಸಿವಿಲ್ ಅಧಿಕಾರಿಯೂ ಶಾಸನತಜ್ಞರೂ ಆಗಿದ್ದ ಜಾನ್ ಫೇತ್‌ಫುಲ್ ಫ್ಲೀಟರ ಬರವಣಿಗೆಯಲ್ಲಿ. ಬಾಂಬೆ ಗೆಜೆಟಿಯರಿನಲ್ಲಿ ಕನ್ನಡ ಜಿಲ್ಲೆಗಳ ಅರಸುಮನೆತನಗಳನ್ನು ಕುರಿತು ಬರೆದಾಗಲೂ, ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಅಬ್ಬಲೂರಿನ ಶಾಸನಗಳನ್ನು ಸಂಪಾದಿಸಿದಾಗಲೂ ಅವರು ಹಿಡಿದ ದಾರಿ ಒಂದೇ: ಕಲಚುರ್ಯ ಅರಸ ಬಿಜ್ಜಳನ ಕಾಲದ ಶಾಸನಗಳಲ್ಲಿ ಪುರಾಣಪ್ರಸಿದ್ಧ ಬಸವನ ಸುಳಿವಿಲ್ಲ, ಏಕಾಂತದ ರಾಮಯ್ಯನೆಂಬ ಶಿವಭಕ್ತನ ಕಥೆಯಾದರೋ ಕಲ್ಲಿನಲ್ಲಿಯೇ ಇದೆ, ಆದ್ದರಿಂದ ಅಂದಿನ ಶೈವ ಪುನರುಜ್ಜೀವನದ ನಿಜವಾದ ನಾಯಕ ರಾಮಯ್ಯ. ಈ ತೀರ್ಮಾನದ ಎರಡನೆಯ ಭಾಗವನ್ನು ಇಂದು ಯಾರೂ ಎತ್ತಿ ಹಿಡಿಯುವುದಿಲ್ಲ. ಆದರೆ ಮೊದಲ ಭಾಗ ಹುಟ್ಟಿಸಿದ ಸಂದೇಹ ಮಾತ್ರ ಬೇರೆ ಬೇರೆ ವೇಷಗಳಲ್ಲಿ ಇನ್ನೂ ಉಳಿದಿದೆ. ಅದನ್ನು ಖಂಡಿಸಲು ಹೊರಟವರೂ ಮನಗೂಳಿ ಶಾಸನವನ್ನು ಫ್ಲೀಟರು ತಪ್ಪಾಗಿ ಓದಿದ್ದನ್ನೇ ತಮ್ಮ ಪರವಾದ ಸಾಕ್ಷಿಯೆಂದು ಉದ್ಧರಿಸುತ್ತ ಬಂದಿದ್ದಾರೆ.

ಫ್ಲೀಟರ ಮುಂದೆ ಎರಡು ಬೇರೆ ಬೇರೆ ಪ್ರಶ್ನೆಗಳಿದ್ದವು. ಬಸವ ಎಂಬ ವ್ಯಕ್ತಿ ಇದ್ದನೇ ಎಂಬುದು ಒಂದು. ಇದ್ದವನು ಒಂದು ಮತದ ಸ್ಥಾಪಕನೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಇಲ್ಲವೆಂದು ಉತ್ತರಿಸಿದವನು ಮೊದಲನೆಯದಕ್ಕೂ ಇಲ್ಲವೆನ್ನಬೇಕಾಗಿಲ್ಲ. 1913ರಲ್ಲಿ ವೈಷ್ಣವ ಶೈವ ಮತಗಳನ್ನು ಕುರಿತ ತಮ್ಮ ಗ್ರಂಥದಲ್ಲಿ ಆರ್. ಜಿ. ಭಂಡಾರಕರರು ಲಿಂಗಾಯತ ಮತ ಬಸವಣ್ಣನವರಿಗಿಂತ ಹಿಂದಿನದಿರಬೇಕೆಂಬ ಅಭಿಪ್ರಾಯವನ್ನು ಮಂಡಿಸಿದರು. ಅದನ್ನು ಒಪ್ಪಬಹುದು, ಬಿಡಬಹುದು, ಆದರೆ ಅಲ್ಲಿ ವ್ಯಕ್ತಿಯ ಅಸ್ತಿತ್ವ ಪಣಕ್ಕೆ ಬಿದ್ದಿರಲಿಲ್ಲ. ಫ್ಲೀಟರಲ್ಲಿ ಮಾತ್ರ ಸ್ಥಾಪಕತ್ವದ ಮೇಲಿನ ಅನುಮಾನ ವ್ಯಕ್ತಿಯ ಮೇಲೆಯೇ ಹರಿಯಿತು.

ಹರಿಯುವುದಕ್ಕೆ ಕಾರಣ ಅವರ ಆಧಾರಗ್ರಂಥಗಳು. ಬಾಸೆಲ್ ಮಿಶನ್ನಿನ ವ್ಯೂರ್ತ್ ಎಂಬ ಪಾದ್ರಿ 1860ರ ದಶಕದಲ್ಲಿ ಇಂಗ್ಲಿಷಿಗೆ ಸಂಗ್ರಹಿಸಿ ಕೊಟ್ಟಿದ್ದ ಬಸವಪುರಾಣ ಮತ್ತು ಚನ್ನಬಸವಪುರಾಣಗಳೇ ಆ ತಲೆಮಾರಿನ ಯುರೋಪಿಯನ್ ವಿದ್ವಾಂಸರ ಕೈಪಿಡಿಗಳಾಗಿದ್ದವು. ಕನ್ನಡ ಬಸವಪುರಾಣವನ್ನು ಭೀಮಕವಿ ಮುಗಿಸಿದ್ದು 1369ರಲ್ಲಿ. ವಿರೂಪಾಕ್ಷ ಪಂಡಿತನ ಚನ್ನಬಸವಪುರಾಣ 1584ರದು. ಇನ್ನೂರು, ನಾನೂರು ವರ್ಷಗಳ ದೂರದಿಂದ, ಪವಾಡದ ಮೇಲೆ ಪವಾಡವನ್ನು ಪೇರಿಸಿ ಹೇಳಿದ ಕೃತಿಗಳಲ್ಲಿ ಫ್ಲೀಟರಂಥ ಕಾಲಗಣನೆಯ ತಜ್ಞರಿಗೆ ಇತಿಹಾಸ ಕಾಣದೆ ಹೋದದ್ದು ಅಚ್ಚರಿಯಲ್ಲ. ವಚನಗಳು ಅವರಿಗೆ ದೊರಕಿರಲಿಲ್ಲ, ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರ ಹೊರಬಂದದ್ದು ಫ್ಲೀಟರು ತೀರಿಕೊಂಡ ಆರು ವರ್ಷಗಳ ಮೇಲೆ, 1923ರಲ್ಲಿ. ಇಷ್ಟರ ಮಟ್ಟಿಗೆ ಅವರನ್ನು ದೂರುವುದು ನ್ಯಾಯವಲ್ಲ.  

ದೂರಬೇಕಾದದ್ದು ಬೇರೆಯದನ್ನು. ಪುರಾಣವನ್ನು ತಳ್ಳಿಹಾಕಲು ಅವರು ಬಳಸಿದ ಒರೆಗಲ್ಲನ್ನು ಶಾಸನದ ಮೇಲೆ ಅವರು ಬಳಸಲಿಲ್ಲ.

ಅಬ್ಬಲೂರಿನ ಶಾಸನ ಹೇಳುವುದನ್ನು ಗಮನವಿಟ್ಟು ನೋಡಬೇಕು. ಆಳಂದೆಯ ಪುರುಷೋತ್ತಮಭಟ್ಟನ ಮಗ ರಾಮ ಏಕಾಂತದಲ್ಲಿ ಶಿವನನ್ನು ಆರಾಧಿಸಿದ್ದರಿಂದ ಏಕಾಂತದ ರಾಮಯ್ಯನೆನಿಸಿಕೊಳ್ಳುತ್ತಾನೆ. ಪುಲಿಗೆರೆಯ ಸೋಮನಾಥನ ಅಪ್ಪಣೆಯಂತೆ ಅಬ್ಬಲೂರಿಗೆ ಬರುತ್ತಾನೆ. ಅಲ್ಲಿಯ ಜೈನರೊಡನೆ ವಾದಕ್ಕಿಳಿದು, ಕತ್ತರಿಸಿದ ತಲೆಯನ್ನು ಮರಳಿ ಪಡೆದರೆ ಜಿನಬಿಂಬವನ್ನು ತೆಗೆದು ಶಿವನನ್ನು ಸ್ಥಾಪಿಸತಕ್ಕದ್ದೆಂದು ಓಲೆ ಬರೆಸಿಕೊಳ್ಳುತ್ತಾನೆ. ತಲೆಯನ್ನು ಅರಿದುಕೊಂಡು ಏಳು ದಿನಗಳ ಮೇಲೆ ಗಾಯದ ಗುರುತೂ ಇಲ್ಲದಂತೆ ಅದನ್ನು ಪಡೆಯುತ್ತಾನೆ. ಜೈನರು ಮಾತಿಗೆ ತಪ್ಪಿದಾಗ ಬಸದಿಯನ್ನು ಕೆಡವುತ್ತಾನೆ, ದೂರು ಬಿಜ್ಜಳನವರೆಗೆ ಹೋಗುತ್ತದೆ, ಇನ್ನೊಮ್ಮೆ ಪಣಕ್ಕೆ ಬರಲು ಜೈನರು ಒಪ್ಪದಿರುವುದರಿಂದ ಅರಸ ರಾಮಯ್ಯನಿಗೆ ಜಯಪತ್ರವನ್ನು, ಅಂದರೆ ವಾದದಲ್ಲಿ ಗೆದ್ದವನೆಂಬ ಲಿಖಿತ ತೀರ್ಪನ್ನು, ಕೊಡುತ್ತಾನೆ. ಈ ಬರಹಕ್ಕೆ ತೇದಿಯಿಲ್ಲ. ಕದಂಬ ಕಾಮದೇವನ ದಾನದ ಉಲ್ಲೇಖದಿಂದ ಅದನ್ನು ಸುಮಾರು 1200ಕ್ಕೆ ಹಾಕಲಾಗಿದೆ. ಅಂದರೆ ಇದು ಬಿಜ್ಜಳನ ಸಮಕಾಲೀನ ದಾಖಲೆಯಲ್ಲ. ಅವನು ಸತ್ತು ಒಂದು ತಲೆಮಾರು ಕಳೆದ ಮೇಲೆ, ದಾನ ಪಡೆದ ದೇವಸ್ಥಾನದ ಪರವಾಗಿ, ಆ ದಾನ ಏಕೆ ಸಲ್ಲತಕ್ಕದ್ದೆಂದು ಸಾಧಿಸಲು ಬರೆಸಿದ ಕಥನ.

ಫ್ಲೀಟರು ಇಲ್ಲಿ ಮಾಡಿದ್ದೇನೆಂದರೆ, ಏಳು ದಿನಗಳ ಪವಾಡವನ್ನು ಬದಿಗಿಟ್ಟು, ಉಳಿದದ್ದನ್ನು ಇತಿಹಾಸವೆಂದು ಸ್ವೀಕರಿಸಿದರು. ವಿಧಾನವಾಗಿ ಅದು ತಪ್ಪಲ್ಲ. ಆದರೆ ಬಸವಪುರಾಣದ ಪವಾಡಗಳನ್ನು ಹಾಗೆಯೇ ಬದಿಗಿಟ್ಟು ಉಳಿದದ್ದನ್ನು ನೋಡುವ ಅವಕಾಶವನ್ನು ಅವರು ಪುರಾಣಕ್ಕೆ ಕೊಡಲಿಲ್ಲ. ಕಲ್ಲಿನ ಮೇಲಿನ ಪವಾಡಕ್ಕೆ ರಿಯಾಯಿತಿ ದೊರೆಯಿತು, ಓಲೆಯ ಮೇಲಿನ ಪವಾಡಕ್ಕೆ ದೊರೆಯಲಿಲ್ಲ. ರಾಮಯ್ಯ ಇದ್ದನೆಂದೂ ಬಸವ ಸಂದಿಗ್ಧನೆಂದೂ ಅವರಿಗೆ ತೋರಿದ್ದು ಇಬ್ಬರ ಬಗೆಗಿನ ಸಾಕ್ಷ್ಯವನ್ನು ತೂಗಿ ನೋಡಿದ ಮೇಲಲ್ಲ. ಯಾವ ಸಾಕ್ಷಿಯನ್ನು ಕಟಕಟೆಗೆ ಕರೆಯಬೇಕು, ಯಾವುದನ್ನು ಬಾಗಿಲಲ್ಲೇ ತಡೆಯಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡದ್ದರಿಂದ.

ಇದಕ್ಕಿಂತ ದೊಡ್ಡ ತೊಡಕು ಮನಗೂಳಿಯದು. ಬಸವಣ್ಣನವರ ಹುಟ್ಟೂರೆನ್ನಲಾದ ಬಾಗೇವಾಡಿಗೆ ದೂರವಲ್ಲದ ಈ ಊರಿನ ಶಾಸನ ಬಿಜ್ಜಳನ ಆಳ್ವಿಕೆಯದು, 1161ರದು. ಅದರಲ್ಲಿ ದೇವಾಲಯವನ್ನು ಕಟ್ಟಿಸಿದ ಬಸವನೆಂಬ ಸದಾಚಾರಿಯೊಬ್ಬನ ಉಲ್ಲೇಖವಿದೆ. ಅವನು ರೇವದಾಸನ ಮೊಮ್ಮಗ, ಚಂದಿರಾಜನ ಮಗ. ಶಾಸನಗಳಲ್ಲಿ ಬಸವನಿಲ್ಲವೆಂದು ಅದುವರೆಗೆ ಹೇಳುತ್ತಿದ್ದ ಫ್ಲೀಟರು ಈ ಬಸವನಲ್ಲಿ ಪುರಾಣದ ಬಸವನ ಮೂಲವನ್ನು ಕಂಡರು. ಮುಂದೆ ಮುಂಬಯಿ ಪ್ರಾಂತದ ಇನ್ನೊಬ್ಬ ಸಿವಿಲ್ ಅಧಿಕಾರಿ ಎಂಥೋವನ್ನರು 1911ರ ಎನ್‌ಸೈಕ್ಲೊಪೀಡಿಯಾ ಬ್ರಿಟಾನಿಕಾದಲ್ಲಿ ಲಿಂಗಾಯತರನ್ನು ಕುರಿತು ಬರೆಯುವಾಗ ಮನಗೂಳಿಯ ಬಸವನನ್ನೂ ಅಬ್ಬಲೂರಿನ ರಾಮಯ್ಯನನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿದರು; ಅಲ್ಲಿಂದ ಈ ಇಬ್ಬರು ಬಸವರ ಸಮೀಕರಣ ಹೋಗದ ಪುಸ್ತಕವಿಲ್ಲ.

ಈ ಸಮೀಕರಣಕ್ಕೆ ಇರುವ ಆಧಾರಗಳು ಮೂರು: ಹೆಸರು, ಸೀಮೆ, ಕಾಲ. ಮೂರೂ ದುರ್ಬಲ. ಬಸವ, ಬಸವಯ್ಯ, ಬಸವರಸ ಎಂಬ ಹೆಸರುಗಳು ಆ ಕಾಲದ ಉತ್ತರ ಕರ್ನಾಟಕದಲ್ಲಿ ಊರೂರಿಗೆ ಸಿಗುವಂಥವು. ನಂದಿಯ ಹೆಸರನ್ನು ಮಕ್ಕಳಿಗೆ ಇಡುವ ಶೈವ ಮನೆತನಗಳಿಗೇನೂ ಕೊರತೆಯಿರಲಿಲ್ಲ. ತರ್ದವಾಡಿ ಸಾವಿರವೆಂಬ ದೊಡ್ಡ ನಾಡಿನಲ್ಲಿ ಅದೇ ಹೆಸರಿನ ಇಬ್ಬರು ಒಂದೇ ಕಾಲದಲ್ಲಿ ಬದುಕಿದ್ದರೆ ಅದರಲ್ಲಿ ವಿಶೇಷವೂ ಇಲ್ಲ. ಇನ್ನು ವಿರೋಧದ ಆಧಾರವೋ ಒಂದೇ ಆದರೂ ಗಟ್ಟಿಯಾದದ್ದು: ತಂದೆಯ ಹೆಸರು. ಪರಂಪರೆಯಲ್ಲಿ ಎಲ್ಲಿ ನೋಡಿದರೂ ಬಸವಣ್ಣನವರ ತಂದೆ ಮಾದಿರಾಜ ಅಥವಾ ಮಾದರಸ. ಚಂದಿರಾಜ ಎಲ್ಲಿಯೂ ಇಲ್ಲ. ಲಿಪಿಕಾರನ ಕೈತಪ್ಪಿನಿಂದ ಮಾದಿರಾಜ ಚಂದಿರಾಜನಾದನೆಂದು ವಾದಿಸುವ ಉತ್ಸಾಹವನ್ನು ಅಭಿಮಾನಿ ಚರಿತ್ರಕಾರರು ತೋರಬಹುದು. ಆದರೆ ಅಜ್ಜನ ಹೆಸರನ್ನೂ ಹೇಳುವಷ್ಟು ಮನೆತನವನ್ನು ಬಲ್ಲ ಶಾಸನಕವಿ, ದೇವಾಲಯ ಕಟ್ಟಿಸಿದವನು ಬದುಕಿದ್ದ ಊರಿನಲ್ಲಿಯೇ ಅವನ ತಂದೆಯ ಹೆಸರನ್ನು ತಪ್ಪು ಬರೆದನೆಂದು ನಂಬುವುದಕ್ಕಿಂತ, ಈತ ಬೇರೆಯ ಬಸವನೆಂದು ನಂಬುವುದು ಸುಲಭ. ಶಾಸನವಿಲ್ಲದ್ದರಿಂದ ಒಬ್ಬನನ್ನು ಇಲ್ಲವೆಂದವರು, ಶಾಸನ ಸಿಕ್ಕ ಕೂಡಲೇ ಇನ್ನೊಬ್ಬನನ್ನು ತಂದು ಅವನ ಜಾಗದಲ್ಲಿ ಕೂರಿಸಿದರು.

ಫ್ಲೀಟರು ನೋಡದ, ನೋಡಿದ್ದರೂ ಪುರಾಣಗಳ ಸಾಲಿಗೆ ಸೇರಿಸುತ್ತಿದ್ದ ಕೃತಿ ಹರಿಹರನ ಬಸವರಾಜದೇವರ ರಗಳೆ. ಹರಿಹರನ ಕಾಲದ ಬಗೆಗೆ ವಾದಗಳಿವೆ. ಯಾವ ವಾದವನ್ನು ಒಪ್ಪಿದರೂ ಅವನು ಭೀಮಕವಿಗಿಂತ ಶತಮಾನಕ್ಕೂ ಮಿಕ್ಕಿ ಹಿಂದಿನವನು. ಅವನ ಬಸವ ಬಾಗೇವಾಡಿಯ ಮಾದರಸನ ಮಗ, ಕೂಡಲಸಂಗಮದಲ್ಲಿ ಬೆಳೆದವನು, ಅಲ್ಲಿಂದ ಬಿಜ್ಜಳನಿದ್ದ ಮಂಗಳವಾಡಕ್ಕೆ ಹೋಗಿ ಭಂಡಾರದ ಕರಣಿಕರ, ಅಂದರೆ ಲೆಕ್ಕ ಬರೆಯುವವರ, ನಡುವೆ ಕುಳಿತು ಅವರ ಲೆಕ್ಕದ ತಪ್ಪನ್ನು ಹಿಡಿದು ಮೇಲಕ್ಕೆ ಬಂದವನು. ಅವತಾರಪುರುಷನ ಕಥೆ ಹೇಳುವವನಿಗೆ ಲೆಕ್ಕದ ತಪ್ಪಿನ ಈ ಪ್ರಸಂಗ ಬೇಕಾಗಿರಲಿಲ್ಲ. ಅದಕ್ಕಿಂತ ಬೆರಗಿನ ಪ್ರವೇಶವನ್ನು ಹರಿಹರನಂಥ ಕವಿ ಸಲೀಸಾಗಿ ಕಲ್ಪಿಸಬಲ್ಲವನಾಗಿದ್ದ. ಕಲ್ಯಾಣದ ಹೆಸರನ್ನೇ ಎತ್ತದೆ ಮಂಗಳವಾಡವನ್ನು ಹೇಳುವುದೂ ಅಂಥದೇ. ಕಲಚುರ್ಯರ ಮೂಲ ನೆಲೆ ಮಂಗಳವಾಡವೆಂಬುದು ಶಾಸನಗಳಿಂದ ತಿಳಿದ ಸಂಗತಿ. ಕಲ್ಯಾಣದ ವೈಭವದಲ್ಲಿ ಮುಳುಗಿದ ಪುರಾಣಗಳು ಅದನ್ನು ಹಿಂದಕ್ಕೆ ಸರಿಸಿದವು.

ಹರಿಹರನ ಮಾತಿನ ಬೆಲೆಯನ್ನು ಅಳೆಯಲು ಫ್ಲೀಟರೇ ಒಂದು ಅಳತೆಗೋಲನ್ನು ಒದಗಿಸಿದ್ದಾರೆಂಬುದು ಇದುವರೆಗೆ ಸಾಕಷ್ಟು ಗಮನಕ್ಕೆ ಬಂದಿಲ್ಲ. ಹರಿಹರ ಏಕಾಂತರಾಮಿತಂದೆಯ ಮೇಲೂ ರಗಳೆ ಬರೆದಿದ್ದಾನೆ. ಅಬ್ಬಲೂರು, ಜೈನರೊಡನೆ ಪಣ, ತಲೆಯನ್ನು ಅರಿದುಕೊಳ್ಳುವುದು, ಮರಳಿ ಪಡೆಯುವುದು: ಕಥೆಯ ಹಂದರ ಕಲ್ಲಿನದೇ. ಫ್ಲೀಟರು ನಂಬಿದ ಶಾಸನ ಯಾವ ನೆನಪನ್ನು ದಾಖಲಿಸಿತೋ ಅದೇ ನೆನಪಿನ ಹೊಳೆಯಿಂದ ಹರಿಹರನೂ ನೀರು ಮೊಗೆದಿದ್ದಾನೆ. ರಾಮಯ್ಯನ ವಿಷಯದಲ್ಲಿ ಶಾಸನದ ಬೆಂಬಲ ಪಡೆದ ಕವಿ ಬಸವಣ್ಣನವರ ವಿಷಯದಲ್ಲಿ ಮಾತ್ರ ವ್ಯಕ್ತಿಯನ್ನೇ ಹುಟ್ಟುಹಾಕಿದನೆಂದು ಹೇಳಬೇಕಾದರೆ ಬೇರೆ ಕಾರಣ ಬೇಕು. ಅಂಥ ಕಾರಣವನ್ನು ಸಂದೇಹವಾದಿಗಳು ಈವರೆಗೆ ಕೊಟ್ಟಿಲ್ಲ.

ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ ಶಾಸನ ಈ ಚರ್ಚೆಯ ತಿರುವು. ಸೇವುಣ ಅರಸ ಕನ್ನರನ ಕಾಲದ, ಶಕ 1182ರ, ಅಂದರೆ ಕ್ರಿ.ಶ. 1260ರ ಈ ಬರಹದಲ್ಲಿ ಬಾಗೇವಾಡಿಯ ಮಾದಿರಾಜ, ಅವನ ಮಗ ಬಸವರಾಜ, ಆ ಬಸವನ ಅಣ್ಣ ದೇವರಾಜಮುನಿಪ ಇವರ ಉಲ್ಲೇಖವಿದೆ. ದಾನ ಸಲ್ಲುವುದು ಆ ಅಣ್ಣನ ಸಂತತಿಯವನಿಗೆ. ಪಿ. ಬಿ. ದೇಸಾಯಿಯವರು 1968ರಲ್ಲಿ ಪ್ರಕಟವಾದ ಬಸವೇಶ್ವರ ಮತ್ತು ಅವರ ಕಾಲವನ್ನು ಕುರಿತ ಇಂಗ್ಲಿಷ್ ಗ್ರಂಥದಲ್ಲಿ ಇದಕ್ಕೆ ಸಲ್ಲಬೇಕಾದ ಸ್ಥಾನವನ್ನು ಕೊಟ್ಟರು. ಫ್ಲೀಟರಿಗೆ ಕೊಟ್ಟ ಉತ್ತರಗಳಲ್ಲಿ ಇಂದಿಗೂ ಅದೇ ಮೇಲು.

ಆದರೂ ಈ ಶಾಸನಕ್ಕೆ ಒಂದು ಆಕ್ಷೇಪವನ್ನು ಎತ್ತಬಹುದು, ಎತ್ತಲೂ ಬೇಕು. ಬಸವಣ್ಣನವರು ಲಿಂಗೈಕ್ಯರಾದ ಮೇಲೆ ತೊಂಬತ್ತಕ್ಕೂ ಹೆಚ್ಚು ವರ್ಷ ಕಳೆದಿವೆ. ಭೂಮಿ ಪಡೆಯುವ ಮನೆತನಕ್ಕೆ ಖ್ಯಾತನಾಮರೊಬ್ಬರ ನಂಟನ್ನು ಹೇಳಿಕೊಳ್ಳುವುದರಲ್ಲಿ ಲಾಭವಿದೆ. ಆದ್ದರಿಂದ ಈ ವಂಶಾವಳಿ ಕಟ್ಟಿದ್ದಾಗಿರಬಾರದೇಕೆ? ಆಕ್ಷೇಪ ನಿಂತರೂ ಅದು ವ್ಯಕ್ತಿಯ ಅಸ್ತಿತ್ವವನ್ನು ಮುಟ್ಟುವುದಿಲ್ಲ. ನಂಟನ್ನು ಸುಳ್ಳಾಗಿ ಹೇಳಿಕೊಳ್ಳುವವನಿಗೂ ಕೇಳುವವರು ಸಂಶಯಪಡದ ಹೆಸರು ಬೇಕು. 1260ರಲ್ಲಿ ಸೇವುಣರ ಅಧಿಕಾರಿಗಳೆದುರು ಆ ಹೆಸರು ನಡೆಯುತ್ತಿತ್ತೆಂಬುದಕ್ಕೆ ಸುಳ್ಳೂ ಸಾಕ್ಷಿಯೇ. ಇನ್ನೊಂದು ಮಾತು. ಪುರಾಣಗಳಲ್ಲಿ ಬಸವಣ್ಣನವರ ಬಂಧುಬಳಗವೆಂದರೆ ಸೋದರಿ ನಾಗಲಾಂಬಿಕೆ, ಅಳಿಯ ಚನ್ನಬಸವಣ್ಣ. ಅಣ್ಣನೊಬ್ಬನಿಗೆ ಅಲ್ಲಿ ಹೇಳಿಕೊಳ್ಳುವಂಥ ಪಾತ್ರವಿಲ್ಲ. ಕಥೆಯಿಂದ ವಂಶವನ್ನು ಕಟ್ಟಿಕೊಳ್ಳುವ ಮನೆತನ ಎಲ್ಲರೂ ಬಲ್ಲ ಚನ್ನಬಸವಣ್ಣನವರನ್ನು ಬಿಟ್ಟು, ಕಥೆ ಹೇಳುವವರು ಮರೆತ ಅಣ್ಣನನ್ನು ಆರಿಸಿಕೊಳ್ಳುವುದು ಅಸಂಭವ. ಈ ವಿವರ ಮನೆಯೊಳಗಿಂದ ಬಂದದ್ದು.

ಶಾಸನ ಸಾಧಿಸುವುದು ಊರು, ತಂದೆ, ಅಣ್ಣ, ಇಷ್ಟನ್ನೇ. ಕಲ್ಯಾಣದ ಭಂಡಾರವನ್ನಾಗಲಿ ಅನುಭವಮಂಟಪವನ್ನಾಗಲಿ ಈ ಕಲ್ಲಿನ ಮೇಲೆ ಹೇರುವುದು ಫ್ಲೀಟರು ಮನಗೂಳಿಯಲ್ಲಿ ಮಾಡಿದ ತಪ್ಪನ್ನು ಭಕ್ತಿಯಿಂದ ಮತ್ತೆ ಮಾಡಿದಂತೆ. ಬಿಜ್ಜಳನ ಸೇವೆಗೆ ಬಲವಾದ ಸಾಕ್ಷ್ಯ ವಚನಗಳಲ್ಲಿದೆ: ಭವಿಯಾದ, ಎಂದರೆ ಲಿಂಗಧಾರಿಯಲ್ಲದ, ಬಿಜ್ಜಳನನ್ನು ಓಲೈಸುವನೆಂಬ ನಿಂದೆಗೆ ಬಸವಣ್ಣನವರು ಅಲ್ಲಿ ಉತ್ತರ ಕೊಡುತ್ತಾರೆ. ವಚನಗಳ ಹಸ್ತಪ್ರತಿಗಳು ತಡವಾಗಿ ಬಂದವೆಂಬುದು ನಿಜ. ಆದರೆ ಅವುಗಳನ್ನು ಸಂಕಲಿಸಿದ ಶರಣರ ಮನೆಯವರು ತಮ್ಮ ಗುರುವಿನ ಮೇಲೆ ಇಲ್ಲದ ನಿಂದೆಯನ್ನು ಕಲ್ಪಿಸಿ ಬರೆದರೆನ್ನಲು ಯಾವ ಪ್ರಯೋಜನವನ್ನೂ ತೋರಿಸಲಾಗದು. ಬಿಜ್ಜಳರಾಯಚರಿತೆಯ ಜೈನ ಕವಿಯೂ ಬಸವನನ್ನು ದ್ರೋಹಿಯಾಗಿ ಚಿತ್ರಿಸಿದನೇ ಹೊರತು ಕಟ್ಟುಕಥೆಯ ಮನುಷ್ಯನೆಂದು ತಳ್ಳಲಿಲ್ಲ. ಹಾಗೆ ತಳ್ಳುವುದು ಸಾಧ್ಯವಿದ್ದಿದ್ದರೆ ಅವನಷ್ಟು ಆಸಕ್ತಿ ಇನ್ನಾರಿಗೂ ಇರುತ್ತಿರಲಿಲ್ಲ.

ಸಮಕಾಲೀನ ಶಾಸನಗಳ ಮೌನ ಉಳಿಯುತ್ತದೆ. ಶಾಸನವೆಂಬುದು ಭೂಮಿಯ, ಸುಂಕದ, ದೀವಿಗೆ ನೈವೇದ್ಯಗಳ ಹಕ್ಕುಪತ್ರ. ವೀರನ ಸಾವಿನ ನೆನಪು. ದೇವಾಲಯ ಕಟ್ಟಿಸಿ ದತ್ತಿ ಬಿಟ್ಟವರ ಹೆಸರು ಅದರಲ್ಲಿ ಬರುತ್ತದೆ. ಉಳ್ಳವರ ದೇಗುಲ ನಿರ್ಮಾಣಕ್ಕೆ ಬದಲಾಗಿ ದೇಹವನ್ನೇ ದೇಗುಲವೆಂದು ಸಾರಿದವರ ಹೆಸರನ್ನು ದೇಗುಲದ ದತ್ತಿಪತ್ರಗಳಲ್ಲಿ ಹುಡುಕಿ, ಸಿಗಲಿಲ್ಲವೆಂದು ಅನುಮಾನಪಟ್ಟದ್ದು ಹುಡುಕಿದವರ ದೋಷ. ಅದೇ ತರ್ಕವನ್ನು ಅಲ್ಲಮಪ್ರಭು, ಅಕ್ಕಮಹಾದೇವಿಯರಿಗೆ ಅನ್ವಯಿಸಿದರೆ ಆ ಶತಮಾನದಲ್ಲಿ ವಚನ ಬರೆದವರಲ್ಲಿ ಹೆಚ್ಚಿನವರು ಉಳಿಯುವುದಿಲ್ಲ, ಅವರ ವಚನಗಳು ಮಾತ್ರ ಉಳಿಯುತ್ತವೆ.

ಚಂದಿರಾಜನ ಮಗ ಬಸವ ಮನಗೂಳಿಯಲ್ಲಿ ದೇವಾಲಯ ಕಟ್ಟಿಸಿದ ಬೇರೊಬ್ಬ ಸಜ್ಜನ. ಬಸವಣ್ಣನವರ ಅಸ್ತಿತ್ವವನ್ನು ಸ್ಥಾಪಿಸಲು ಅವನ ನೆರವು ಬೇಕಾಗಿಲ್ಲ. ಇನ್ನು ಮುಂದಿನ ಚರಿತ್ರೆಗಳು ಅವನನ್ನು ಕೈಬಿಟ್ಟು, ಅರ್ಜುನವಾಡದ ಶಾಸನದಿಂದಲೂ ಹರಿಹರನ ರಗಳೆಯಿಂದಲೂ ಆರಂಭಿಸತಕ್ಕದ್ದು.